ಶಾಕೀರಾಳ ನಾಲ್ಕನೇ ಅಧ್ಯಾಯ

ಶಾಕೀರಾಳ ಬಗ್ಗೆ ಎರಡು ಮಾತಿವೆ. ಸಿಂಧನೂರಿನ ಅವಳ ಓಣಿಯಲ್ಲಿ ಎಲ್ಲರೂ ಅವಳನ್ನು ಡಾಕ್ಟರ್ ಮೇಡಂ ಅನ್ನುತ್ತಾರೆ. ಲಿಂಗಸುಗೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವಳ ಹೆಸರು ಬಂದರೆ, ಕೈಗೆ ಬಂದ ತುತ್ತನ್ನು ತಾನೇ ನೆಲಕ್ಕೆ ಹಾಕಿದ ಹುಚ್ಚಿ ಅನ್ನುತ್ತಾರೆ. ಎರಡೂ ಸುಳ್ಳು. ನಿಜ ಗೊತ್ತಿರುವವಳು ನಾನೊಬ್ಬಳೇ ಎಂದು ಬಹಳ ದಿನ ಅಂದುಕೊಂಡಿದ್ದೆ, ಅದೂ ಸುಳ್ಳಾಯಿತು.

ನಾನು ಭಾರತಿ. ಮಸ್ಕಿಯವಳು, ಅದೇ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಹದಿನಾಲ್ಕು ವರ್ಷ ಬಂದುಹೋಗುವ ಅತಿಥಿಗೆ ಯಾರ ಮನೆಯಲ್ಲೂ ಚಹಾ ಕೂಡ ಕೊಡುವುದಿಲ್ಲ. ಶಾಕೀರಾಳೂ ನನ್ನಂತೆಯೇ ಅತಿಥಿ, ಕಂಪ್ಯೂಟರ್ ಸೈನ್ಸಿಗೆ. ಅವಳು ಸಿಂಧನೂರಿನಲ್ಲಿ ಬಸ್ ಹತ್ತುತ್ತಿದ್ದಳು, ನಾನು ಮಸ್ಕಿಯಲ್ಲಿ. ಅಲ್ಲಿಂದ ಲಿಂಗಸುಗೂರಿನ ತನಕ ಮುಕ್ಕಾಲು ಗಂಟೆ ಇಬ್ಬರೂ ಹರಟೆ ಹೊಡೆಯುತ್ತಿದ್ದೆವು. ಹರಟೆ ಅಂದರೆ ನಾನು ಪ್ರಿನ್ಸಿಪಾಲರನ್ನು ಬೈಯುವುದು, ಅವಳು ತನ್ನ ಪಿಎಚ್‌ಡಿಯ ಬಗ್ಗೆ ಹೇಳುವುದು. ಹನ್ನೊಂದು ವರ್ಷ ಒಂದೇ ವಿಷಯ ಕೇಳಿ ಕೇಳಿ, ಹಳಗನ್ನಡ ಪಾಠ ಮಾಡುವ ನನಗೂ ಅದು ಬಾಯಿಪಾಠವಾಗಿಬಿಟ್ಟಿತ್ತು.

ಸಾವಿರಾರು ಕಂಪ್ಯೂಟರುಗಳನ್ನು ತಂತಿಗಳಿಂದ ಒಂದಕ್ಕೊಂದು ಕಟ್ಟಿ, ಎಲ್ಲವೂ ಕೂಡಿ ಒಂದೇ ಲೆಕ್ಕ ಮಾಡುವ ದೊಡ್ಡ ಯಂತ್ರಗಳಿವೆಯಂತೆ. ನಾಳೆ ಮಳೆ ಎಲ್ಲಿ ಬೀಳುತ್ತದೆಂದು ಹೇಳುವುದು ಅಂಥವೇ. ಪ್ರತಿಯೊಂದೂ ತನ್ನ ಪಾಲಿನ ಲೆಕ್ಕ ಮಾಡಿ ಉತ್ತರವನ್ನು ಇನ್ನೊಂದಕ್ಕೆ ಕಳಿಸಬೇಕು. ಆ ಸಂದೇಶಗಳು ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದೇ ಶಾಕೀರಾಳ ವಿಷಯ. ದಾರಿಯನ್ನು ಮೊದಲೇ ಗೊತ್ತುಮಾಡಿಬಿಟ್ಟರೆ ಸಲೀಸು, ಆದರೆ ಒಂದು ದಾರಿಯಲ್ಲಿ ನೂಕುನುಗ್ಗಲು ಇದ್ದಾಗ ಪಕ್ಕದ್ದು ಖಾಲಿ ಬಿದ್ದಿರುತ್ತದೆ. ಅದರ ಬದಲು, ಪ್ರತಿ ತಿರುವಿನಲ್ಲೂ ಗದ್ದಲ ನೋಡಿ ಕಡಿಮೆ ಇರುವ ಕಡೆ ತಿರುಗು ಎಂದು ಸಂದೇಶಕ್ಕೇ ಬಿಟ್ಟರೆ ಕೆಲಸ ಬೇಗ ಆಗುತ್ತದೆ. ಇದಕ್ಕೆ ಅಡಾಪ್ಟಿವ್ ರೂಟಿಂಗ್ ಅನ್ನುತ್ತಾರೆ. ಇದರಲ್ಲಿ ಇರುವ ಅಪಾಯ ಒಂದೇ. ಈ ಸಂದೇಶ ಆ ಸಂದೇಶದ ಜಾಗ ಖಾಲಿಯಾಗಲಿ ಎಂದು ಕಾಯುತ್ತದೆ, ಅದು ಮತ್ತೊಂದಕ್ಕೆ, ಮತ್ತೊಂದು ಮೊದಲಿನದಕ್ಕೇ. ಸುತ್ತು ಪೂರ್ತಿಯಾಯಿತೆಂದರೆ ಯಂತ್ರವೆಲ್ಲ ನಿಂತಲ್ಲೇ ನಿಲ್ಲುತ್ತದೆ. ಸಂದೇಶವನ್ನು ಎತ್ತಿ ಬಿಸಾಕುವ ಹಾಗಿಲ್ಲ, ಹಿಂದಕ್ಕೆ ತೆಗೆ ಎಂದು ಸೀಟಿ ಊದುವ ಪೊಲೀಸನೂ ಅಲ್ಲಿಲ್ಲ.

ಇದಕ್ಕೆ ಶಾಕೀರಾ ಕಂಡುಕೊಂಡ ಉಪಾಯ ಅವಳ ಅಪ್ಪನ ಕಾಲುವೆಯಿಂದ ಬಂದದ್ದು. ಅಪ್ಪ ಗೌಸ್‌ಸಾಬ್ ಮುಕ್ಕುಂದದ ಕಡೆಯ ಉಪಕಾಲುವೆಯಲ್ಲಿ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿದ್ದವರು. ಗೇಟು ಎತ್ತುವುದು, ಇಳಿಸುವುದು, ಒಡ್ಡು ಕಾಯುವುದು ಅವರ ಕೆಲಸ. ಕಾಲುವೆ ತುಂಬಿ ಒಡ್ಡು ಒಡೆಯುವಂತಾದರೆ, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡಲು ಅಲ್ಲೊಂದು ಬೇರೆ ಗೇಟಿತ್ತು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಅಪ್ಪನ ಜೊತೆ ಹೋಗುತ್ತಿದ್ದ ಹುಡುಗಿಗೆ ಅವರು ಹೇಳಿದ್ದರಂತೆ: ಈ ಗೇಟು ಇರೋ ತನಕ ಕಾಲುವೆಗೆ ಏನೂ ಆಗಂಗಿಲ್ಲ, ಹಳ್ಳಕ್ಕ ಬಿಟ್ಟ ನೀರು ಮತ್ತ ಮ್ಯಾಲ ಬರಂಗಿಲ್ಲ. ದೊಡ್ಡವಳಾದ ಮೇಲೆ ಅವಳೂ ಯಂತ್ರದ ಪ್ರತಿ ದಾರಿಯ ಪಕ್ಕ ಒಂದು ಮೀಸಲು ದಾರಿ ಇಟ್ಟಳು. ಎಲ್ಲೂ ಜಾಗ ಸಿಗದ ಸಂದೇಶ ಅದಕ್ಕೆ ಇಳಿಯಬೇಕು. ಇಲ್ಲಿಯವರೆಗಿನದು ಹಳೆಯ ವಿಷಯ, ಮೂವತ್ತು ವರ್ಷದ ಹಿಂದೆಯೇ ಬೇರೆಯವರು ಮಾಡಿದ್ದು. ಹಾಗೆ ಇಳಿದ ಸಂದೇಶ ಜಾಗ ಸಿಕ್ಕ ತಕ್ಷಣ ಮತ್ತೆ ದೊಡ್ಡ ದಾರಿಗೆ ಹತ್ತಬಹುದು, ಬೇಕಾದರೆ ಹಿಂದಕ್ಕೆ ಸುತ್ತಿ ಬಳಸಿಕೊಂಡೂ ಹೋಗಬಹುದು ಅನ್ನುವುದು ಅವಳದೇ ಸೇರ್ಪಡೆ. ವೇಗ ಎಲ್ಲ ಹೆಚ್ಚಿದ್ದು ಅದರಿಂದಲೇ. ಹೀಗೆ ಬಿಟ್ಟರೂ ಯಂತ್ರ ಎಂದೂ ಕಟ್ಟಿಕೊಳ್ಳುವುದಿಲ್ಲ ಎಂದು ಸಾಧಿಸಿ ತೋರಿಸುವುದು ನಾಲ್ಕನೇ ಅಧ್ಯಾಯ. ನಲವತ್ತೊಂದು ಪುಟ.

ಕಳೆದ ವರ್ಷದ ಏಪ್ರಿಲ್ ಹೊತ್ತಿಗೆ ಪ್ರಬಂಧ ಒಪ್ಪಿಸಿಯಾಗಿತ್ತು. ಇಬ್ಬರು ಪರೀಕ್ಷಕರೂ ಒಪ್ಪಿಗೆ ಬರೆದು ಕಳಿಸಿದ್ದರು. ಮೌಖಿಕ ಪರೀಕ್ಷೆಯೊಂದು ಬಾಕಿ, ಅದಕ್ಕೂ ತಾರೀಖು ಕೊಟ್ಟಿದ್ದರು. ಅಷ್ಟರಲ್ಲೇ, ಪಿಎಚ್‌ಡಿಯೋ ಅರ್ಹತಾ ಪರೀಕ್ಷೆಯೋ ಇಲ್ಲದ ಅತಿಥಿಗಳನ್ನು ಜುಲೈನಿಂದ ಕಾಲೇಜು ಇಟ್ಟುಕೊಳ್ಳುವುದಿಲ್ಲ ಎಂಬ ಪತ್ರವೂ ಬಂತು. ನಾನು ಅರ್ಹತಾ ಪರೀಕ್ಷೆ ಹಿಂದೆಯೇ ಪಾಸಾಗಿದ್ದೆ, ಬಚಾವಾದೆ. ಶಾಕೀರಾಳ ಹದಿನಾಲ್ಕು ವರ್ಷದ ನೌಕರಿ ಆ ಒಂದು ಮೌಖಿಕ ಪರೀಕ್ಷೆಯ ಮೇಲೆ ನಿಂತಿತ್ತು. ಮದುವೆ ಬೇಡವೆಂದು ಅಪ್ಪನನ್ನು ನೋಡಿಕೊಂಡಿದ್ದವಳು ಅವಳು. ಗೌಸ್‌ಸಾಬರಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು.

ಪರೀಕ್ಷೆಗೆ ಇನ್ನು ಒಂಬತ್ತು ದಿನವಿತ್ತು. ಬೆಳಿಗ್ಗೆ ನಾನು ಹತ್ತಿದ ಮೇಲೆ ಬಸ್ಸು ಮಸ್ಕಿಯ ಸರ್ಕಲ್ಲಿನಲ್ಲಿ ನಿಂತುಬಿಟ್ಟಿತು. ಭತ್ತದ ಕೊಯ್ಲಿನ ದಿನಗಳು, ರಸ್ತೆ ತುಂಬ ಟ್ರ್ಯಾಕ್ಟರು. ನಮ್ಮ ಮುಂದೆಯೇ ಎರಡು ಟ್ರೇಲರ್ ಸಿಕ್ಕಿಸಿಕೊಂಡ ಟ್ರ್ಯಾಕ್ಟರೊಂದಿತ್ತು. ಮುಂದೆ ದಾರಿ ಇಲ್ಲವೆಂದು ಅದರ ಡ್ರೈವರ್ ಎಡಕ್ಕೆ, ಹೋಟೆಲಿನ ಮುಂದಿನ ಬಯಲಿಗೆ ಇಳಿಸಿದ. ಅಲ್ಲಿಂದ ಹಿಂದಕ್ಕೆ ಸುತ್ತು ಹಾಕಿ, ನಮ್ಮ ಬಸ್ಸಿನ ಬೆನ್ನಿಗೆ ಮತ್ತೆ ರಸ್ತೆ ಹತ್ತಲು ನೋಡಿದ. ಅಲ್ಲಿ ಲಾರಿಯೊಂದು ಬಸ್ಸಿಗೆ ಮೂತಿ ತಾಗಿಸಿ ನಿಂತಿತ್ತು. ಲಾರಿ ಸರಿಯಬೇಕಾದರೆ ಬಸ್ಸು ಮುಂದೆ ಹೋಗಬೇಕು. ಬಸ್ಸು ಮುಂದೆ ಹೋಗೋಣವೆಂದರೆ ಆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಇನ್ನೂ ನಮ್ಮ ಮುಂದೆಯೇ ಅಡ್ಡ ಬಿದ್ದಿತ್ತು.

ನನಗೆ ನಗು ತಡೆಯಲಾಗಲಿಲ್ಲ. "ನೋಡಬೇ ಶಾಕೀರಾ, ತಲಿ ಹಿಂದ ಬಂದೇತಿ, ಬಾಲ ಇನ್ನೂ ಮುಂದೈತಿ. ಅಂವಂಗ ಅಡ್ಡ ಆಗಿದ್ದು ಅಂವನ ಬಾಲನ!"

ಅವಳೂ ನಕ್ಕಳು. ಆಮೇಲೆ ನಗು ನಿಂತಿತು. ಕಿಟಕಿಯಿಂದ ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡಿದಳು. "ಇದು ಮೊದಲು ಬಯಲಿಗೆ ಇಳೀತು, ಆಮ್ಯಾಲ ಹಿಂದಕ ಬಂತು," ಎಂದು ತನ್ನಷ್ಟಕ್ಕೇ ಅಂದಳು. ಚೀಲದಿಂದ ಹಾಜರಿ ಪುಸ್ತಕ ತೆಗೆದು ಅದರ ಬೆನ್ನ ಮೇಲೆ ಬಾಣದ ಗುರುತು ಎಳೆಯತೊಡಗಿದಳು. ಲಿಂಗಸುಗೂರು ಬಂದರೂ ತಲೆ ಎತ್ತಲಿಲ್ಲ, ನಾನೇ ತೋಳು ಹಿಡಿದು ಇಳಿಸಿದೆ. ಇವತ್ತಿಗೂ ಅನ್ನಿಸುತ್ತದೆ, ಅವತ್ತು ನನ್ನ ನಾಲಿಗೆ ಬಿದ್ದುಹೋಗಿದ್ದರೆ ಚೆನ್ನಾಗಿತ್ತು.

ಅವತ್ತು ಅವಳು ಮೊದಲ ಸಲ ಕ್ಲಾಸು ತಪ್ಪಿಸಿದಳು. ಮಧ್ಯಾಹ್ನ ನನ್ನನ್ನು ಲ್ಯಾಬಿಗೆ ಕರೆದು ತೋರಿಸಿದಳು. ನಾಲ್ಕನೇ ಅಧ್ಯಾಯದಲ್ಲಿ ಒಂದು ಸಾಲು ಇತ್ತು: ಮೀಸಲು ದಾರಿಯಿಂದ ಹೊರಬಿದ್ದ ಸಂದೇಶ ಮತ್ತೆ ಹಿಂದಿನ ಮೀಸಲು ದಾರಿಗೆ ಕಾಯುವುದಿಲ್ಲ, ಇದು ಸ್ಪಷ್ಟ. ಉಳಿದದ್ದಕ್ಕೆಲ್ಲ ಪುಟಗಟ್ಟಲೆ ಆಧಾರ ಕೊಟ್ಟಿದ್ದವಳು ಇದಕ್ಕೆ ಮಾತ್ರ ಸ್ಪಷ್ಟ ಎಂದು ಬರೆದು ಮುಂದೆ ಹೋಗಿದ್ದಳು. ಹಳ್ಳಕ್ಕೆ ಬಿಟ್ಟ ನೀರು ಮೇಲೆ ಬರುವುದಿಲ್ಲವಲ್ಲ! ಆದರೆ ಹಿಂದಕ್ಕೆ ಸುತ್ತಬಹುದೆಂದು ಅನುಮತಿ ಕೊಟ್ಟವಳು ಅವಳೇ. ಸಂದೇಶ ಉದ್ದವಾಗಿದ್ದರೆ ಅದರ ಬಾಲ ಮೀಸಲು ದಾರಿಯಲ್ಲೇ ಇರುತ್ತದೆ. ತಲೆ ಹೊರಗೆ ಬಂದು, ಸುತ್ತಿ, ಹಿಂದಿನ ಮೀಸಲು ದಾರಿಗೇ ಬಂದು ಕಾಯುತ್ತದೆ. ಅಲ್ಲಿರುವ ಸಂದೇಶ ಇದರ ಬಾಲ ಸರಿಯಲಿ ಎಂದು ಕಾಯುತ್ತದೆ, ಸುತ್ತು ಪೂರ್ತಿ.

"ಮತ್ತ ಇಷ್ಟು ವರ್ಷ ಪರೀಕ್ಷೆ ಮಾಡಿದಿ, ಒಮ್ಮೆನೂ ಯಾಕ ಕಟ್ಟಿಕೊಳ್ಳಲಿಲ್ಲ?" ಎಂದು ಕೇಳಿದೆ.

"ನಮ್ಮ ಈ ಹಳೇ ಡಬ್ಬಿಯೊಳಗ ಉದ್ದನ ಸಂದೇಶ ಹಿಡಿಯಂಗಿಲ್ಲಂತ ಬರೇ ಗಿಡ್ಡ ಸಂದೇಶ ಹಾಕಿದ್ದೆ. ಗಿಡ್ಡನ್ನವಕ್ಕ ಬಾಲ ಎಲ್ಲಿ ಬರಬೇಕು?"

ಇರುವ ಐದು ಕಂಪ್ಯೂಟರುಗಳಲ್ಲಿ ಚೆನ್ನಾಗಿರುವುದೊಂದರಲ್ಲಿ ಯಂತ್ರದ ಗಾತ್ರ ಕುಗ್ಗಿಸಿ, ಸಂದೇಶ ಉದ್ದ ಮಾಡಿ ಓಡಿಸಿದಳು. ತೆರೆಯ ಮೇಲೆ ತಲುಪಿದ ಸಂದೇಶಗಳ ಎಣಿಕೆ ಏರುತ್ತ ಹೋಯಿತು. 41,307ಕ್ಕೆ ನಿಂತಿತು. ಕರೆಂಟು ಹೋಯಿತೇನೋ ಎಂದು ನಾನು ಫ್ಯಾನು ನೋಡಿದೆ, ತಿರುಗುತ್ತಿತ್ತು. ಹತ್ತು ನಿಮಿಷ ಕೂತೆವು. ಎಣಿಕೆ ಅಲ್ಲೇ ಇತ್ತು. ಅವಳು ಅಳಲಿಲ್ಲ, ಬಾಯಲ್ಲಿ ಬೆರಳಿಟ್ಟು ಉಗುರು ಕಚ್ಚುತ್ತಿದ್ದಳು.

ರಿಪೇರಿ ಮಾಡಲು ನಾಲ್ಕು ದಿನ ಹೆಣಗಿದಳು. ಮೀಸಲು ದಾರಿಗೆ ಇಳಿದದ್ದು ಮತ್ತೆ ಮೇಲೆ ಹತ್ತಬಾರದು ಎಂದು ಕಟ್ಟಿಹಾಕಿದರೆ ಯಂತ್ರ ಎಂದೂ ನಿಲ್ಲುವುದಿಲ್ಲ, ಅದು ನಿಜ. ಆದರೆ ವೇಗ ಇಳಿದು ಮೂವತ್ತು ವರ್ಷದ ಹಿಂದಿನ ಪದ್ಧತಿಯ ಮಟ್ಟಕ್ಕೇ ಬರುತ್ತದೆ. ಅಂದರೆ ಅವಳದು ಅನ್ನುವುದು ಅದರಲ್ಲಿ ಏನೂ ಉಳಿಯುವುದಿಲ್ಲ. ಅವಳ ಗೈಡು ವೆಂಕೋಬ ಸರ್‌ಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ನೋಡಮ್ಮ ಶಾಕೀರಾ," ಎಂದರು ಅವರು, ನಿಧಾನವಾಗಿ, "ಇಬ್ಬರು ದೊಡ್ಡ ಪ್ರೊಫೆಸರ್ ಓದಿ ಚೊಲೋ ಐತಿ ಅಂತ ಬರದಾರ. ಅವರ ಕಣ್ಣಿಗೆ ಬೀಳಲಾರದ್ದು ನಿನಗ್ಯಾಕ ಬೇಕು? ಮೊದಲು ಡಿಗ್ರಿ ತಗೋ. ತಿದ್ದೋದು ಆಮ್ಯಾಲ ನೋಡೋಣಂತ."

ಮಾತಿನಲ್ಲಿ ತಪ್ಪೇನಿದೆ? ನಾನೂ ಅದನ್ನೇ ಹೇಳಿದೆ, ಇನ್ನೂ ಒರಟಾಗಿ ಹೇಳಿದೆ. "ಏನ್ಬೇ, ನಿನ್ನ ಪುಸ್ತಕ ನೋಡಿ ಯಾರರ ಯಂತ್ರ ಕಟ್ಟಾಕತ್ತಾರೇನು? ಲೈಬ್ರರಿ ಕಪಾಟಿನೊಳಗ ಧೂಳು ತಿಂತೈತಿ. ಸುಮ್ಮ ಬಾಯಿ ಮುಚ್ಕೊಂಡು ಹೋಗಿ ಬಾ."

"ಹೌದು, ಯಾರೂ ಓದಂಗಿಲ್ಲ," ಎಂದಳು ಅವಳು. "ನಾ ಓದೀನಲ್ಲ."

ಭಾನುವಾರ ನಾನೇ ಸಿಂಧನೂರಿಗೆ ಹೋದೆ, ಅವಳನ್ನು ದಾರಿಗೆ ತರಲು. ಗೌಸ್‌ಸಾಬ್ ಹೊರಗಿನ ಕೋಣೆಯಲ್ಲಿ ಮಂಚದ ಮೇಲಿದ್ದರು. ಮನೆಯಲ್ಲಿ ಅವರು ದಖ್ನಿ ಮಾತಾಡುತ್ತಾರೆ. ನಾನಿದ್ದೆನೆಂದು ಇಬ್ಬರೂ ಕನ್ನಡಕ್ಕೆ ಹೊರಳಿದರು. ಅವಳು ಅಪ್ಪನ ಬಿದ್ದ ಕೈಗೆ ಎಣ್ಣೆ ತಿಕ್ಕುತ್ತ, ಏನೋ ನೆನಪಾದವಳಂತೆ ಕೇಳಿದಳು. "ಅಬ್ಬಾ, ಹಳ್ಳಕ್ಕ ಬಿಟ್ಟ ನೀರು ಯಾವಾಗರ ತಿರುಗಿ ಕಾಲುವಿಗೆ ಬಂದಿದ್ದು ಐತೇನು?"

ಮುದುಕ ನಕ್ಕರು. "ಯಾಕ ಬರಂಗಿಲ್ಲ ಬೇಟಿ? ರೈತರು ಹಳ್ಳದಾಗ ಪಂಪು ಇಟ್ಟು ಎತ್ತಿ ಮತ್ತ ಕಾಲುವಿಗೇ ಬಿಡ್ತಿದ್ರು, ತಮ್ಮ ತೂಬಿಗೆ ನೀರು ಏರಲಿ ಅಂತ. ಒಂದ್ಸಲ ಎರಡೂ ಕಡೆ ತುಂಬಿ ಒಡ್ಡು ಒಡದಿತ್ತು. ನಾಕು ದಿನ ನಿಂತು ಮಣ್ಣು ಹಾಕಿಸೀನಿ."

"ನನಗ ಬರಂಗಿಲ್ಲಂತ ಹೇಳಿದ್ರಿ."

"ಸಣ್ಣಾಕಿ ಇದ್ದಿ. ಕಾಯ್ದೆ ಏನೈತೋ ಅದು ಹೇಳಿದೆ. ಕಳ್ಳತನದ ಮಾತು ಮಕ್ಕಳಿಗೆ ಯಾರು ಹೇಳ್ತಾರ?"

ಅವಳು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಒಳಗೆ ಹೋದಳು. ಮುದುಕ ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದರು. ಪ್ರಬಂಧದ ಮೊದಲ ಪುಟದಲ್ಲಿ ಅವರಿಗೆ ಅರ್ಪಣೆ ಇತ್ತು: ಈ ವಿಚಾರವನ್ನು ನನಗೆ ಕಾಲುವೆಯ ಮೇಲೆ ಕಲಿಸಿದ ಅಬ್ಬಾನಿಗೆ. ಅದನ್ನು ಅವರು ಓಣಿಯಲ್ಲಿ ಎಲ್ಲರ ಕೈಲೂ ಓದಿಸಿದ್ದರು.

ಮೌಖಿಕ ಪರೀಕ್ಷೆಗೆ ನಾನೂ ಹೋದೆ, ಧೈರ್ಯಕ್ಕಿರಲಿ ಎಂದು. ಹೊರಗಿನಿಂದ ಬಂದ ಪರೀಕ್ಷಕರು, ಒಪ್ಪಿಗೆ ಬರೆದಿದ್ದ ಇಬ್ಬರಲ್ಲೊಬ್ಬರು, ದಪ್ಪ ಕನ್ನಡಕದ ಸಂಭಾವಿತರು. ಶಾಕೀರಾ ಇಪ್ಪತ್ತು ನಿಮಿಷ ಮಾತಾಡಿದಳು. ನಾಲ್ಕನೇ ಅಧ್ಯಾಯ ಬಂದಾಗ ಚಿತ್ರ ತೋರಿಸಿ ಮುಂದೆ ಹೋದಳು. ಸದ್ಯ, ಬುದ್ಧಿ ಬಂತು ಎಂದು ನನ್ನ ಜೀವ ಜಾಗಕ್ಕೆ ಬಂತು. ಪರೀಕ್ಷಕರು ಎರಡು ಪ್ರಶ್ನೆ ಕೇಳಿದರು. ಒಂದು, ಈ ಚಿತ್ರಗಳನ್ನು ಯಾವ ಸಾಫ್ಟ್‌ವೇರಿನಲ್ಲಿ ಬಿಡಿಸಿದಿರಿ. ಇನ್ನೊಂದು, ಲೇಖನ ಎಷ್ಟು ಪ್ರಕಟವಾಗಿವೆ. ಬಹಳ ಅಚ್ಚುಕಟ್ಟಾದ ಕೆಲಸ ಎಂದು ಹೊಗಳಿದರು. ಹೊರಗೆ ಮಿರ್ಚಿ ಬಜಿಯ ಪೊಟ್ಟಣಗಳು ಬಂದಿದ್ದವು, ಕೋಣೆಯೊಳಗೆಲ್ಲ ವಾಸನೆ. ಯಾರದಾದರೂ ಪ್ರಶ್ನೆ ಇದೆಯೇ ಎಂದು ಅವರು ವಾಡಿಕೆಯಂತೆ ಸಭೆಯ ಕಡೆ ನೋಡಿದರು.

"ನಂದೊಂದು ಪ್ರಶ್ನೆ ಐತ್ರಿ ಸರ್," ಎಂದಳು ಶಾಕೀರಾ.

ಎದ್ದು ಬೋರ್ಡಿನ ಮೇಲೆ ನಾಲ್ಕು ದಾರಿ, ನಾಲ್ಕು ಸಂದೇಶ ಬರೆದು ಬಾಣದ ಸುತ್ತನ್ನು ಪೂರ್ತಿ ಮಾಡಿದಳು. "ಇದು ನನ್ನ ಪದ್ಧತಿಯೊಳಗ ಆಗತೈತಿ. ನೂರಾ ಹನ್ನೆರಡನೇ ಪುಟದ ಸಾಲು ತಪ್ಪೈತಿ. ಇದಕ್ಕ ನನ್ನ ಹತ್ರ ಉತ್ತರ ಇಲ್ಲ."

ವೆಂಕೋಬ ಸರ್ ತಲೆ ತಗ್ಗಿಸಿದರು. ಪರೀಕ್ಷಕರು ನೂರಾ ಹನ್ನೆರಡನೇ ಪುಟ ಹುಡುಕಿದರು. ಹಾಳೆ ಹೊಸದಾಗಿ ಗರಿಗರಿಯಾಗಿತ್ತು, ಬಿಡಿಸಲು ಎರಡು ಸಲ ಬೆರಳು ಒದ್ದೆ ಮಾಡಿಕೊಂಡರು. ಓದಿ, ಬೋರ್ಡು ನೋಡಿ, ಮತ್ತೆ ಓದಿದರು. "ನೀವು ಹೇಳದೇ ಇದ್ದಿದ್ದರೆ..." ಎಂದು ಶುರುಮಾಡಿ ನಿಲ್ಲಿಸಿದರು. ಪಾಪ, ಅವರಾದರೂ ಏನು ಮಾಡಿಯಾರು? ಎಲ್ಲರೆದುರು ಹೇಳಿದ ಮೇಲೆ ಕಣ್ಣು ಮುಚ್ಚಿಕೊಳ್ಳಲಾಗುವುದಿಲ್ಲ. ನಾಲ್ಕನೇ ಅಧ್ಯಾಯ ಹೊಸದಾಗಿ ಬರೆದು ಮತ್ತೆ ಸಲ್ಲಿಸಬೇಕು ಎಂದು ಬರೆದರು. ಬರೆಯಲು ಅದರಲ್ಲಿ ಏನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಾಗಿತ್ತು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ವಾಪಸ್ಸು ಬರುವ ಬಸ್ಸಿನಲ್ಲಿ ಅವಳನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ. ಇಂಥ ಸತ್ಯ ಯಾರ ಹೊಟ್ಟೆ ತುಂಬಿಸುತ್ತದೆ?

ಸಿಂಧನೂರಿನಲ್ಲಿ ಅವಳನ್ನು ಮನೆಯ ತನಕ ಬಿಡಲು ಹೋದೆ. ಬಾಗಿಲಲ್ಲಿ ಓಣಿಯ ಜನ ಸೇರಿದ್ದರು. ಗೌಸ್‌ಸಾಬ್ ಕುರ್ಚಿ ಹಾಕಿಸಿಕೊಂಡು ಹೊರಗೇ ಕೂತಿದ್ದರು. ಗೋಡೆಯ ಮೇಲೆ ಹಸಿ ಬಣ್ಣದಲ್ಲಿ ಡಾ. ಶಾಕೀರಾ ಬೇಗಂ ಎಂದು ಬರೆಸಿಬಿಟ್ಟಿದ್ದರು. "ಅಬ್ಬಾ..." ಎಂದು ಇವಳು ಬಾಯಿ ತೆರೆದಳು. ತೆರೆದ ಬಾಯಿಗೆ ಮುದುಕ ಬಲಗೈಯಿಂದ ಪೇಢೆ ಇಟ್ಟರು. ಜನ ಚಪ್ಪಾಳೆ ತಟ್ಟಿದರು. ಪರೀಕ್ಷಕರ ಮುಂದೆ ಒಂದು ಸಾಲು ಸುಳ್ಳು ಉಳಿಯಲು ಬಿಡದವಳು ಆ ಪೇಢೆಯನ್ನು ಅಗಿದು ನುಂಗಿದಳು. ನನ್ನ ಕೈಗೂ ಒಂದು ಬಂತು, ನಾನೂ ತಿಂದೆ.

ಜುಲೈ ಒಂದನೇ ತಾರೀಖಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಅಂದಿನಿಂದ ಅವಳು ದಿನವೂ ಅದೇ ಹೊತ್ತಿಗೆ, ಅದೇ ಬುತ್ತಿ ಕಟ್ಟಿಕೊಂಡು ಬಸ್ ಹತ್ತುತ್ತಾಳೆ. ಲಿಂಗಸುಗೂರಿಗೆ ಹೋಗುವುದಿಲ್ಲ, ಮಸ್ಕಿಯಲ್ಲಿ ಇಳಿಯುತ್ತಾಳೆ. ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯೊಂದರಲ್ಲಿ ಆನ್‌ಲೈನ್ ಅರ್ಜಿ ತುಂಬುವ ಕೆಲಸ ಹಿಡಿದಿದ್ದಾಳೆ. ಅವಳು ಇಳಿಯುವ ಬಸ್ಸಿಗೇ ನಾನು ಹತ್ತುತ್ತೇನೆ. ಬಾಗಿಲಲ್ಲಿ ಒಂದು ಕ್ಷಣ ಭೇಟಿ. ಹುಷಾರು ಅಂದರೆ ಹುಷಾರು ಅನ್ನುತ್ತಾಳೆ. ಅವಳ ಮುಖ ಸಣ್ಣಗಾಗಿದೆ. ರೂಟಿಂಗಿನ ಮಾತು ಒಮ್ಮೆಯೂ ಎತ್ತಿಲ್ಲ.

ಈ ಸಲದ ರಂಜಾನ್ ಹಬ್ಬದ ದಿನ ಅವರ ಮನೆಗೆ ಹೋದೆ. ಶಾಕೀರಾ ಅಡುಗೆಮನೆಯಲ್ಲಿದ್ದಳು. ಗೌಸ್‌ಸಾಬ್ ನನ್ನನ್ನು ಮಂಚದ ಹತ್ತಿರ ಕೂರಿಸಿಕೊಂಡು, ಧ್ವನಿ ಇಳಿಸಿ ಕೇಳಿದರು. "ಭಾರತವ್ವ, ಈಗ ಆಕಿ ಎಲ್ಲಿ ಕೆಲಸ ಮಾಡಾಕತ್ತಾಳ?"

"ಕಾಲೇಜಿಗೇ ಬರ್ತಾಳಲ್ರಿ ಚಾಚಾ..."

"ಸುಳ್ಳು ಹೇಳಬ್ಯಾಡ್ರಿ, ಹಬ್ಬದ ದಿನ. ಡಿಗ್ರಿ ಇಲ್ಲದವರನ್ನ ಕಾಲೇಜಿನಾಗ ಇಟ್ಕೊಳ್ಳಂಗಿಲ್ಲಂತ ನನಗೂ ಗೊತ್ತೈತಿ. ಪಂಪಿನ ಮಾತು ಹೇಳಿದ ದಿನ ಆಕಿ ಮಾರಿ ನೋಡೀನಿ. ಅವತ್ತೇ ತಿಳೀತು ನನಗ, ನನ್ನ ಮಾತಿಂದನ ಮುರದು ಬಿತ್ತಂತ. ಮೊದಲೇ ಖರೇ ಹೇಳಿದ್ರ ಹನ್ನೊಂದು ವರ್ಷ ಉಳೀತಿದ್ವು ಆಕಿಗೆ."

"ಗೊತ್ತಿದ್ದೂ ಮತ್ಯಾಕ್ರಿ ಹೆಸರು ಬರೆಸಿದ್ರಿ? ಯಾಕ ಪೇಢೆ ತಿನ್ಸಿದ್ರಿ?"

ಮುದುಕ ತಮ್ಮ ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ಆಗಲಿಲ್ಲ ಅಬ್ಬಾ ಅಂತ ಆಕಿ ಬಾಯಿಂದ ಕೇಳೋ ಧೈರ್ಯ ನನಗಿರಲಿಲ್ಲವ್ವ. ಈಗ ಗೊತ್ತೈತಿ ಅಂತ ಹ್ಯಾಂಗ ಹೇಳ್ಲಿ? ಅಬ್ಬಾಗ ಗೊತ್ತಾಗಬಾರದಂತ ಮುಂಜಾನೆ ಎದ್ದು ಹೊಂಟಾಳ. ಆ ನೆವನೂ ತಗದ್ರ ಆಕಿ ಹಾಸಿಗಿ ಬಿಟ್ಟು ಏಳಂಗಿಲ್ಲ. ನೀವೂ ಹೇಳಬ್ಯಾಡ್ರಿ."

ಅಷ್ಟರಲ್ಲಿ ಶಾಕೀರಾ ಶಾವಿಗೆಯ ಶೀರ್‌ಖುರ್ಮಾದ ಬಟ್ಟಲು ಹಿಡಿದು ಬಂದಳು. ಗೌಸ್‌ಸಾಬ್ ತಟ್ಟನೆ ಮುಖ ಅರಳಿಸಿಕೊಂಡು, "ಬರ್ರಿ ಡಾಕ್ಟರ್ ಸಾಹೇಬಾ, ನಮ್ಮ ಭಾರತವ್ವಗ ಇನ್ನಷ್ಟು ದ್ರಾಕ್ಷಿ ಹಾಕ್ರಿ," ಎಂದರು. ಅವಳು ನಕ್ಕು ನನ್ನ ಮುಂದೆ ಬಟ್ಟಲಿಟ್ಟಳು. ನಾಳೆ ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಇವೆ, ಬೇಗ ಬಾ, ಎಂದು ನನಗೆ ಹೇಳಿದಳು, ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ.